ಅಕ್ಷರ ಬಂತು, ಗುರುಬಾಣಿ ಬರಲಿಲ್ಲ

ಲಂಡನ್, ವ್ಯಾಂಕೂವರ್, ಕ್ಯಾಲಿಫೋರ್ನಿಯಾಗಳಲ್ಲಿ ಬೆಳೆಯುವ ಸಿಖ್ ಮಕ್ಕಳಲ್ಲಿ ಅನೇಕರಿಗೆ ಗುರುದ್ವಾರದ ವಾರಾಂತ್ಯದ ತರಗತಿಯೇ ಧರ್ಮದ ಶಾಲೆ, ಭಾಷೆಯ ಶಾಲೆ. ಬಿಡುವಿದ್ದ ಹಿರಿಯರು ಕಲಿಸುತ್ತಾರೆ. ಅವರಿಗೆ ತಿಳಿದದ್ದೇ ಪಠ್ಯ. ಬೇರೆ ಊರಿಗೆ ಹೋದ ಮಗು ಮತ್ತೆ ಊಡಾ, ಐಡಾ, ಈಡೀ ಎಂದು ಗುರುಮುಖಿ ಅಕ್ಷರಗಳನ್ನು ಮೊದಲಿನಿಂದ ತಿದ್ದಬೇಕಾಗುತ್ತದೆ. ಈ ಗೋಜಲು ಬಿಡಿಸಲು ನಡೆದ ಪ್ರಯತ್ನಗಳಲ್ಲಿ ಅಮೆರಿಕದ ಸಿಖ್ ರಿಸರ್ಚ್ ಇನ್‌ಸ್ಟಿಟ್ಯೂಟ್ ರೂಪಿಸಿದ ‘ಸೋಝಿ’ ಪಠ್ಯಕ್ರಮ ಮುಖ್ಯವಾದದ್ದು. ಬೋಲಿ, ವಿರ್ಸಾ, ಗುರ್ಮತ್, ಅಂದರೆ ಭಾಷೆ, ಪರಂಪರೆ, ಗುರುಗಳ ತತ್ತ್ವ ಎಂದು ಅದಕ್ಕೆ ಮೂರು ಧಾರೆಗಳು. ಭಾಷೆಗೆ ಧರ್ಮದ ಸರಿಸಮಾನ ಸ್ಥಾನ ಕೊಟ್ಟದ್ದು ನಿಜಕ್ಕೂ ದೊಡ್ಡ ಕೆಲಸ.

ನನ್ನ ತಕರಾರು ಇರುವುದು ಈ ವಿಂಗಡಣೆಯ ಬಗ್ಗೆಯೇ. ಪಂಜಾಬಿ ಕಲಿತ ಮಗುವಿಗೆ ಗುರುಬಾಣಿ, ಅಂದರೆ ಸಿಖ್ಖರ ಪವಿತ್ರ ಗ್ರಂಥದ ವಾಣಿ, ತಾನಾಗಿ ತಿಳಿಯುತ್ತದೆ ಎಂಬ ಭರವಸೆ ಇದರೊಳಗೆ ಸುಲಭವಾಗಿ ನುಸುಳುತ್ತದೆ. ಹಾಗೆ ತಿಳಿಯುವುದಿಲ್ಲ. 1604ರಲ್ಲಿ ಗುರು ಅರ್ಜನ್ ದೇವರು ಸಂಕಲಿಸಿದ ಗ್ರಂಥದಲ್ಲಿ ಶೇಖ್ ಫರೀದರ ಪಂಜಾಬಿಯಿದೆ, ಕಬೀರರ ಪೂರ್ವಸೀಮೆಯ ನುಡಿಯಿದೆ, ಮಹಾರಾಷ್ಟ್ರದ ನಾಮದೇವರಿದ್ದಾರೆ. ಇಂದಿನ 1430 ಪುಟಗಳ ಗುರು ಗ್ರಂಥ ಸಾಹಿಬ್ ಹತ್ತಾರು ಸೀಮೆಗಳ ಮಾತನ್ನು ಒಂದೇ ಗುರುಮುಖಿ ಲಿಪಿಯಲ್ಲಿ ಹಿಡಿದಿಟ್ಟಿದೆ. ಪದದ ಕೊನೆಯ ಹ್ರಸ್ವ ಸ್ವರಕ್ಕೆ ಅಲ್ಲಿ ವಿಭಕ್ತಿಯ ಕೆಲಸ. ‘ನಾನಕು’ ಎಂದು ಬರೆದರೆ ನಾನಕ್ ಕರ್ತೃ. ಬರಿಯ ‘ನಾನಕ’ ಎಂದಿದ್ದರೆ ಹೆಚ್ಚಾಗಿ ಸಂಬೋಧನೆ. ಓದುವಾಗ ಆ ಉಕಾರ ಸಾಮಾನ್ಯವಾಗಿ ಉಚ್ಚಾರವಾಗುವುದಿಲ್ಲ, ಆದರೆ ಅದನ್ನು ಕಾಣದವನಿಗೆ ಅರ್ಥವೇ ತಪ್ಪುತ್ತದೆ. ಪ್ರೊಫೆಸರ್ ಸಾಹಿಬ್ ಸಿಂಗ್ ಇದಕ್ಕಾಗಿಯೇ ‘ಗುರುಬಾಣಿ ವ್ಯಾಕರಣ’ ಬರೆದರು. ಇವತ್ತಿನ ಕನ್ನಡ ಬಂದ ಮಾತ್ರಕ್ಕೆ ಪಂಪ ದಕ್ಕುವುದಿಲ್ಲವೆಂದು ನಮಗೆ ಗೊತ್ತು. ಹಳಗನ್ನಡವನ್ನು ಬೇರೆಯಾಗಿ ಕಲಿಸುತ್ತೇವೆ. ಸಿಖ್ ಮಗುವಿಗೂ ಅಂಥದೊಂದು ಮೆಟ್ಟಿಲು ಬೇಕು. ಇಲ್ಲವಾದರೆ ಅದು ನಿತ್ಯಪ್ರಾರ್ಥನೆಯಾದ ಜಪ್‌ಜಿಯನ್ನು ಬಾಯಿಪಾಠ ಒಪ್ಪಿಸುತ್ತದೆ, ಒಂದು ಸಾಲಿನ ಅರ್ಥ ಕೇಳಿದರೆ ಇಂಗ್ಲಿಷ್ ಅನುವಾದ ಹುಡುಕುತ್ತದೆ.

ಎಲ್ಲೆಡೆ ಒಂದೇ ಪಠ್ಯ ಎಂಬ ಏಕರೂಪತೆ ಎಲ್ಲಿ ನಿಲ್ಲಬೇಕು ಎಂಬುದೂ ಮುಖ್ಯ. ಗುರುನಾನಕ್ ಜಯಂತಿ ಕಾರ್ತಿಕ ಹುಣ್ಣಿಮೆಗೆ. ಆದರೆ ಪುರಾತನ್ ಜನಮ್‌ಸಾಖಿ ಎಂಬ ಗುರುನಾನಕರ ಜೀವನಕಥನ ಹೇಳುವ ಜನ್ಮಮಾಸ ವೈಶಾಖ. ಪಠ್ಯ ಎರಡನ್ನೂ ಮಗುವಿನ ಮುಂದಿಡಲಿ. ಲಿಪಿ, ವ್ಯಾಕರಣ, ಓದುವ ಕ್ರಮ ಎಲ್ಲೆಡೆ ಒಂದೇ ಇರಬಹುದು. ವಿದ್ವಾಂಸರಲ್ಲೇ ಇತ್ಯರ್ಥವಾಗದ ವಿಷಯಕ್ಕೆ ಮಕ್ಕಳಿಂದ ಒಂದೇ ಉತ್ತರ ಬರೆಸುವುದು ಅನ್ಯಾಯ.

ಇನ್ನು, ಮನೆಮಾತು ಪಂಜಾಬಿ ಅಥವಾ ಇಂಗ್ಲಿಷ್ ಎಂದಷ್ಟೇ ಎಣಿಸಿದರೆ ಬಹಳ ಮಂದಿ ಹೊರಗುಳಿಯುತ್ತಾರೆ. ಅಸ್ಸಾಮಿನ ಬರ್ಕೋಲಾದ ಸಿಖ್ಖರ ಮನೆಮಾತು ಅಸ್ಸಾಮಿ. ರಣಜಿತ್ ಸಿಂಗ್ ಕಾಲದಲ್ಲಿ ಹೈದರಾಬಾದಿಗೆ ಬಂದ ಸೈನಿಕರ ವಂಶಸ್ಥರು ತೆಲುಗು, ದಖನಿಗಳ ನಡುವೆ ಬೆಳೆದವರು. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಯೊಡ್ಡಿ ನಿಂತ ಐವರು ಪ್ರಿಯರಲ್ಲಿ (ಪಂಜ್ ಪ್ಯಾರೆ) ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಆ ಬೀದರಿನ ಮಗುವಿಗೂ ತನ್ನ ಮಾತಿನಿಂದ ಗುರುಮುಖಿಗೆ ದಾರಿ ತೋರುವ ಪುಸ್ತಕ ಬೇಕು. ಪಠ್ಯಕ್ರಮ ರೂಪಿಸುವವರು ಮುಂದಿನ ಪರಿಷ್ಕರಣೆಯಲ್ಲಿ ಈ ಎರಡು ಕೆಲಸಗಳನ್ನು ಮೊದಲು ಕೈಗೆತ್ತಿಕೊಳ್ಳಲಿ: ಗ್ರಂಥದ ನುಡಿಗೆ ಪ್ರತ್ಯೇಕ ಪಾಠ, ಮತ್ತು ಪಂಜಾಬಿಯಾಡದ ಮನೆಗಳಿಗೆ ಅವರವರ ಭಾಷೆಯಲ್ಲೇ ಮೊದಲ ಪುಸ್ತಕ.