ನೀರುಗಂಟಿ ಯಾಕೆ ರಾಜನಾಗಲಿಲ್ಲ?

ನಮ್ಮ ತಾತ ನೀರುಗಂಟಿ. ಬೇತಮಂಗಲದ ಸುತ್ತಿನ ಒಂದು ಊರಿನ ಕೆರೆ ಅವನದು. ಅವನದು ಅಂದರೆ ನೀರಲ್ಲ, ಅದರ ಚಾಕರಿ. ತೂಬು ಎತ್ತುವುದು, ರಾತ್ರಿಯೆಲ್ಲ ಕಾಲುವೆ ಕಾಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಲೆಕ್ಕ ಇಟ್ಟು ಸನಿಕೆಯಲ್ಲಿ ಮಣ್ಣು ಎಳೆದು ಮಡೆ ತಿರುಗಿಸುವುದು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಟವಲ್ಲು ಒಡ್ಡಿದರೆ ಅವನ ಪಾಲಿನ ಭತ್ತ ಬೀಳುತ್ತಿತ್ತು. ಇಡೀ ಅಚ್ಚುಕಟ್ಟಿಗೆ ನೀರು ಹಂಚುತ್ತಿದ್ದ ಈ ಮನುಷ್ಯ ಊರ ಬಾವಿಯಿಂದ ಒಂದು ಕೊಡ ನೀರು ಸೇದುವಂತಿರಲಿಲ್ಲ. ‘ನೀರು ಅವ್ರದು, ನಿದ್ದೆಗೆಡೋದು ನಮ್ದು’ ಅಂತಿದ್ದ.

ಪ್ರಭುತ್ವ ಹೇಗೆ ಹುಟ್ಟಿತು ಎಂದು ಹೇಳುವ ಪುಸ್ತಕಗಳನ್ನು ಓದುವಾಗೆಲ್ಲ ಈ ತಾತ ಅಡ್ಡ ಬಂದು ನಿಲ್ಲುತ್ತಾನೆ. 1957ರಲ್ಲಿ ವಿಟ್‌ಫೋಗೆಲ್ ಎಂಬ ವಿದ್ವಾಂಸ ಪೂರ್ವದೇಶಗಳ ನಿರಂಕುಶ ಪ್ರಭುತ್ವವನ್ನು ಕುರಿತು ಒಂದು ದೊಡ್ಡ ಗ್ರಂಥ ಬರೆದ. ದೊಡ್ಡ ನೀರಾವರಿಗೆ ಸಾವಿರಾರು ಜನರ ದುಡಿಮೆಯನ್ನು ಒಂದು ಕಡೆಯಿಂದ ನಡೆಸಬೇಕಾಗುತ್ತದೆ. ಹಾಗೆ ನಡೆಸಿದವರೇ ಒಡೆಯರಾದರು ಎಂಬುದು ಅವನ ವಾದ. ಪಾಲಾರ್ ನದಿಗೆ ಅಡ್ಡ ಕಟ್ಟಿರುವ ಬೇತಮಂಗಲದ ದೊಡ್ಡ ಕೆರೆಯನ್ನು ನೋಡಿದವರಿಗೆ ಇದು ನಿಜವೆನ್ನಿಸಬಹುದು. ಕೆರೆಯನ್ನು ಉಳಿಸಿದ ಕೀರ್ತಿಯನ್ನು ನೊಳಂಬರು, ಹೊಯ್ಸಳರು ಕಲ್ಲಿನಲ್ಲಿ ಬರೆಸಿಕೊಂಡಿದ್ದಾರೆ. ಆದರೆ ನೀರನ್ನು ದಿನವೂ ಕೈಯಲ್ಲಿ ಹಿಡಿದವನು ಯಾರು? ನೀರಿನ ಹಿಡಿತವೇ ಅಧಿಕಾರವಾಗುವುದಾದರೆ ಆಳಬೇಕಾಗಿದ್ದವನು ನೀರುಗಂಟಿ ತಾನೆ?

ನಮ್ಮ ನೆಲದಲ್ಲೇ ಪ್ರಭುತ್ವದ ಹುಟ್ಟಿಗೆ ಎರಡು ಕತೆಗಳಿವೆ. ಒಂದು ಮನುವಿನದು. ರಾಜನಿಲ್ಲದ ಲೋಕ ಭಯದಿಂದ ದಿಕ್ಕೆಟ್ಟಾಗ ಇಂದ್ರ, ಯಮ, ವರುಣಾದಿಗಳ ಅಂಶ ತೆಗೆದು ರಾಜನನ್ನು ಸೃಷ್ಟಿಸಲಾಯಿತಂತೆ. ಅವನ ಕೈಗೆ ದಂಡ, ಅವನ ಕೆಲಸ ವರ್ಣಧರ್ಮದ ರಕ್ಷಣೆ. ಇನ್ನೊಂದು ದೀಘನಿಕಾಯದ ಅಗ್ಗಞ್ಞ ಸುತ್ತದಲ್ಲಿ ಬುದ್ಧ ಹೇಳಿದ ಕತೆ. ಅಕ್ಕಿ ತಾನಾಗಿ ಬೆಳೆಯುತ್ತಿತ್ತು, ಯಾರೋ ಸೋಮಾರಿ ನಾಳೆಗೂ ಇರಲಿ ಅಂತ ಕೂಡಿಟ್ಟ, ಎಲ್ಲರೂ ಕೂಡಿಡತೊಡಗಿದರು, ಹೊಲಕ್ಕೆ ಗಡಿ ಬಿತ್ತು, ಗಡಿಯ ಹಿಂದೆಯೇ ಕಳವು ಬಂತು. ಆಗ ಜನ ಸೇರಿ ತಮ್ಮಲ್ಲೇ ಒಬ್ಬನನ್ನು ಆರಿಸಿ, ತಪ್ಪು ಮಾಡಿದವರನ್ನು ಶಿಕ್ಷಿಸು, ನಿನಗೆ ಅಕ್ಕಿಯಲ್ಲಿ ಪಾಲು ಕೊಡುತ್ತೇವೆ ಎಂದರು. ಅವನೇ ಮಹಾಸಮ್ಮತ. ಇಲ್ಲಿ ದೇವರಿಲ್ಲ. ರಾಜನೆಂದರೆ ಗದ್ದೆ ಇದ್ದವರು ಪಾಲು ಕೊಟ್ಟು ನೇಮಿಸಿಕೊಂಡ ಆಳು. ಬ್ರಾಹ್ಮಣಕುಲದಿಂದ ಬಂದ ಇಬ್ಬರು ಯುವಕರಿಗೆ ಬುದ್ಧ ಈ ಕತೆ ಹೇಳಿದ್ದು ಹುಟ್ಟಿನ ಹಮ್ಮನ್ನು ಮುರಿಯಲಿಕ್ಕೆ.

ನನ್ನ ಪ್ರಶ್ನೆ ಹುಟ್ಟುವುದು ಇಲ್ಲೇ. ಮಹಾಸಮ್ಮತನಿಗೂ ಅಕ್ಕಿಯ ಪಾಲು, ನಮ್ಮ ತಾತನಿಗೂ ಭತ್ತದ ಪಾಲು. ಇಬ್ಬರೂ ಊರಿನ ಜಗಳ ಬಗೆಹರಿಸಲು ಇಟ್ಟುಕೊಂಡವರು. ಒಬ್ಬ ಸಿಂಹಾಸನ ಹತ್ತಿದ. ಇನ್ನೊಬ್ಬ ಕಣದ ಅಂಚಿನಲ್ಲೇ ನಿಂತ. ಯಾಕೆ? ಅಂದರೆ ಕೆಲಸದಿಂದ ಅಧಿಕಾರ ಹುಟ್ಟುವುದಿಲ್ಲ. ಯಾವ ಕೈ ಮೇಲು, ಯಾವ ಕೈ ಮುಟ್ಟಬಾರದ್ದು ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. 1873ರ ‘ಗುಲಾಮಗಿರಿ’ಯಲ್ಲಿ ಫುಲೆಯವರು ವಾಮನ-ಬಲಿ ಕತೆಯನ್ನು ಗೆದ್ದವರು ಸೋತವರ ನೆಲ ಕಸಿದ ಕತೆಯಾಗಿ ಓದಿದ್ದು ಇದೇ ಕಾರಣಕ್ಕೆ. ಸಮ್ಮತಿಯ ಹಿಂದೆ ಒಂದು ಸೋಲು ಅಡಗಿದೆ ಎಂದು ಅವರು ಕಂಡರು.

ಇನ್ನು ಅರಾಜಕವಾದಿಗಳ ಮಾತು. ಮನುವಿನ ಏಳನೇ ಅಧ್ಯಾಯದಲ್ಲಿ ‘ಅರಾಜಕ’ ಎಂಬುದು ಭಯ ಹುಟ್ಟಿಸುವ ಶಬ್ದ. ಅದನ್ನೇ ಕ್ರೊಪೊಟ್ಕಿನ್‌ನಂಥವರು ಭರವಸೆಯ ಶಬ್ದವಾಗಿ ತಿರುಗಿಸಿದರು. ಪ್ರಭುತ್ವ ಮನುಷ್ಯಸಹಜವಲ್ಲ, ಅದು ಇತಿಹಾಸದ ಒಂದು ಘಟ್ಟದಲ್ಲಿ ಜನರ ಮೇಲೆ ಹೇರಿದ್ದು ಎಂಬ ಅವರ ಮಾತನ್ನು ಈ ಸೀಮೆಯ ದಲಿತ ಅಲ್ಲಗಳೆಯಲಾರ. ಇದೇ ಬೇತಮಂಗಲದಿಂದ ನೀರು ಹೋದ ಕೋಲಾರದ ಚಿನ್ನದ ಗಣಿಗಳಲ್ಲಿ ನೆಲದಡಿಗೆ ಇಳಿದವರಲ್ಲಿ ಹೆಚ್ಚಿನವರು ದಲಿತರು. ಊರು ಬಿಟ್ಟರೆ ಬಿಡುಗಡೆ ಎಂದು ಬಂದವರಿಗೆ ಅಲ್ಲಿ ಕಂಪನಿಯೇ ಪ್ರಭುತ್ವವಾಗಿ ಎದುರಾಯಿತು. ಬೆರಳಚ್ಚು ತೆಗೆದು ನೋಂದಾಯಿಸುತ್ತೇವೆ ಎಂದಾಗ 1930ರಲ್ಲಿ ಅವರು ಮುಷ್ಕರ ಹೂಡಿದರು. ಕಳ್ಳರ ಪಟ್ಟಿಗೆ ಸೇರಿಸಿದಂತೆ ಹೆಬ್ಬೆಟ್ಟು ಒತ್ತಲು ಒಪ್ಪದ ಆ ಜನ ಯಾವ ಪುಸ್ತಕವನ್ನೂ ಓದದೆ ಪ್ರಭುತ್ವದ ವಿಮರ್ಶೆ ಮಾಡಿದ್ದರು.

ನನ್ನ ತಕರಾರು ಮುಂದಿನ ಹೆಜ್ಜೆಗೆ. ಪ್ರಭುತ್ವ ಬೇಡವಾದರೆ ಏನು ಬೇಕು ಎಂದಾಗ ಕ್ರೊಪೊಟ್ಕಿನ್ ತೋರಿಸುವುದು ಪರಸ್ಪರ ನೆರವಿನ ಗ್ರಾಮ ಸಮುದಾಯವನ್ನು. ಗಾಂಧಿಯವರೂ ಪ್ರಬುದ್ಧ ಅರಾಜಕತೆಯ ಕನಸನ್ನು ಹಳ್ಳಿಯಲ್ಲೇ ನೆಟ್ಟರು. ನೀರುಗಂಟಿ ಪದ್ಧತಿಯನ್ನು ಜನರೇ ರೂಪಿಸಿಕೊಂಡ ಒಳ್ಳೆಯ ವ್ಯವಸ್ಥೆ ಎಂದು ಹೊಗಳುವವರೂ ಇದ್ದಾರೆ. ಅಚ್ಚುಕಟ್ಟಿನಲ್ಲಿ ಅವನಿಗೆ ಗದ್ದೆ ಇಲ್ಲ, ಆದ್ದರಿಂದ ಅವನು ಪಕ್ಷಪಾತ ಮಾಡುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಎಂಥ ಮಾತು! ನಮ್ಮ ಬರಿಗೈಯೇ ಊರಿನ ನ್ಯಾಯಕ್ಕೆ ಆಧಾರವಾಯಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಕೊಂಡಾಡುವವರಿಗೆ ಖಾರವಾಗಿ ಉತ್ತರ ಕೊಟ್ಟದ್ದು ಇದಕ್ಕೇ. ರಾಜನಿಲ್ಲದ, ಪೋಲೀಸಿಲ್ಲದ, ಕಾಗದಪತ್ರವಿಲ್ಲದ ಒಂದು ಪ್ರಭುತ್ವ ಇಲ್ಲಿ ಮೊದಲೇ ಇತ್ತು. ಅದರ ಹೆಸರು ಊರು. ಅದರ ಗಡಿ ನಮ್ಮ ಕೇರಿ.

‘ನಾವು ಎಲ್ಲ ಯಜಮಾನಿಕೆಗೂ ವಿರೋಧಿಗಳು, ಜಾತಿಗೂ ಕೂಡ’ ಎಂದು ಅರಾಜಕವಾದಿ ಗೆಳೆಯನೊಬ್ಬ ನನ್ನೊಡನೆ ವಾದಿಸುತ್ತಾನೆ. ಒಪ್ಪಿದೆ. ಆದರೆ ಹಾಗಿದ್ದಲ್ಲಿ ವಿಮರ್ಶೆ ದಿಲ್ಲಿಯಿಂದ ಶುರುವಾಗಬಾರದು, ತೂಬಿನಿಂದ ಶುರುವಾಗಬೇಕು. ದಿಲ್ಲಿಯನ್ನು ಮೊದಲು ಕಿತ್ತರೆ ಉಳಿಯುವುದು ಊರಗೌಡನೇ.

ಹಾಗೆಂದು ಪ್ರಭುತ್ವ ನಮ್ಮ ತಾಯಿಯೂ ಅಲ್ಲ. 2000ದ ಮಾರ್ಚ್ 11ರಂದು ಆಗ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸುಟ್ಟದ್ದು ಊರು, ಕಡತ ಮುಚ್ಚಿದ್ದು ಪ್ರಭುತ್ವ. ಎರಡನ್ನೂ ಒಟ್ಟಿಗೆ ನೋಡದ ವಿಮರ್ಶೆ ನಮಗೆ ಒಂಟಿಕಣ್ಣಿನದು.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ತೋಟಿ, ತಳವಾರಿಕೆ, ನೀರುಗಂಟಿಕೆ ಕೊನೆಗೊಂಡವು. ಯಾವ ಗ್ರಾಮ ಸಮುದಾಯವೂ ತಾನಾಗಿ ಕೊಡದ ಬಿಡುಗಡೆಯನ್ನು ಒಂದು ಸರ್ಕಾರಿ ಕಾಗದ ಕೊಟ್ಟಿತು. ಇದನ್ನು ನಾನು ಮರೆಯಲಾರೆ. ಆದರೆ ಅಪ್ಪ ತಾತನ ಸನಿಕೆ ಹಿಡಿಯಲಿಲ್ಲ ಎಂಬ ಮಾತ್ರಕ್ಕೆ ನೀರು ನಮ್ಮದಾಗಲಿಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆಯಿಂದ ನೇರ ಎತ್ತಬೇಡಿ, ಅಂತರ್ಜಲ ಏರಲಿ ಎನ್ನುತ್ತಾರೆ. ಒಳ್ಳೆಯದೇ. ಆದರೆ ಏರಿದ ನೀರು ಯಾರದು? ನೆಲವಿದ್ದವನದು, ಬೋರ್‌ವೆಲ್ ಇದ್ದವನದು. ಈಗ ತೂಬು ನೆಲದೊಳಗೆ ಇಳಿದಿದೆ. ಎತ್ತಲು ಒಬ್ಬ ನೀರುಗಂಟಿಯೂ ಬೇಕಿಲ್ಲ.

ಆದ್ದರಿಂದ ಪ್ರಭುತ್ವ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಾನು ಹೀಗೆ ಕೇಳಿಕೊಳ್ಳುತ್ತೇನೆ: ನೀರು ಹಂಚುವವನಿಗೆ ನೀರಿನಲ್ಲಿ ಹಕ್ಕು ಇದೆಯೋ ಇಲ್ಲವೋ? ಇಲ್ಲದಿರುವ ಕಡೆಯೆಲ್ಲ ಪ್ರಭುತ್ವ ಇದೆ, ಅಲ್ಲಿ ರಾಜ ಇರಲಿ ಇಲ್ಲದಿರಲಿ. ತಾತನಿಗೆ ಸಿಂಹಾಸನ ಬೇಕಿರಲಿಲ್ಲ. ಅವನು ಕೇಳಿದ್ದರೆ ಕೇಳುತ್ತಿದ್ದುದು ಎರಡೇ: ತೂಬಿನ ಕೆಳಗೆ ಒಂದು ತುಂಡು ಗದ್ದೆ, ಊರ ಬಾವಿಯಲ್ಲಿ ಒಂದು ಕೊಡ ನೀರು. ಆ ಎರಡನ್ನು ಕೊಡಲಾಗದ ಕ್ರಾಂತಿ ಯಾವ ಬಣ್ಣದ ಬಾವುಟ ಹಿಡಿದು ಬಂದರೂ ನಮ್ಮನ್ನು ಮತ್ತೆ ಕಣದ ಅಂಚಿನಲ್ಲೇ ನಿಲ್ಲಿಸುತ್ತದೆ.