‘ಮಾರಿಸ್’: ಬಿಡುವಿನ ಒಲವು, ಕಾಡಿನ ಮರೆ

ಇ. ಎಂ. ಫಾರ್ಸ್ಟರ್ ನಮ್ಮ ಅಧ್ಯಾಪಕ ವರ್ಗಕ್ಕೆ ಹೊಸಬರಲ್ಲ. ‘ಎ ಪ್ಯಾಸೇಜ್ ಟು ಇಂಡಿಯಾ’ (1924) ಬರೆದವರು. 1921ರಲ್ಲಿ ದೇವಾಸ್ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿದ್ದವರು. ಗಂಡಸರಿಬ್ಬರ ಪ್ರೇಮವನ್ನು ಕುರಿತು ಅವರು 1913-14ರಲ್ಲಿ ರಚಿಸಿದ ‘ಮಾರಿಸ್’, ಅವರು ತೀರಿಕೊಂಡ ಮರುವರ್ಷ, 1971ರಲ್ಲಿ, ಅಚ್ಚಾಯಿತು. ಅಂಥ ಪ್ರೇಮ ಇಂಗ್ಲೆಂಡಿನಲ್ಲಿ 1967ರವರೆಗೆ ಶಿಕ್ಷಾರ್ಹ ಅಪರಾಧವಾಗಿತ್ತು. ಪುಸ್ತಕವನ್ನು ಗೌರವದಿಂದಲೇ ಕೈಗೆತ್ತಿಕೊಂಡೆ, ಮುಗಿಸಿದಾಗ ನಿರಾಶೆಯಾಯಿತು. ಈ ನಿರಾಶೆ ವಸ್ತುವಿನಿಂದಲ್ಲ, ನಿರ್ವಹಣೆಯಿಂದ.

ಇದರಲ್ಲಿ ಮುಖ್ಯ ತಿರುವುಗಳೆಲ್ಲ ಬಿಡುವಿನ ದಿನಗಳಲ್ಲಿಯೇ ನಡೆಯುತ್ತವೆ. ಕೇಂಬ್ರಿಡ್ಜಿನಲ್ಲಿ ಮಾರಿಸನ ಮನಸ್ಸನ್ನು ತೆರೆದವನು ಕ್ಲೈವ್. ಆ ಭಾಗ ಸೊಗಸಾಗಿದೆ. ಆದರೆ ಕ್ಲೈವ್ ಗ್ರೀಸಿಗೆ ಪ್ರವಾಸ ಹೋಗುತ್ತಾನೆ. ಅಲ್ಲಿ ಅವನ ಒಲವು ಹೆಂಗಸರ ಕಡೆಗೆ ತಿರುಗಿಬಿಡುತ್ತದೆ. ಏಕೆ, ಹೇಗೆ ಎಂಬುದನ್ನು ಕಾದಂಬರಿಕಾರರು ತೋರಿಸುವುದಿಲ್ಲ, ಹೇಳಿ ಮುಗಿಸುತ್ತಾರೆ. ಮುಂದೆ ಕ್ಲೈವನ ಹಳ್ಳಿಯ ಬಂಗಲೆಗೆ ಅತಿಥಿಯಾಗಿ ಹೋದ ಮಾರಿಸನಿಗೆ ಅಲ್ಲಿಯ ಬೇಟೆಕಾಡಿನ ಕಾವಲುಗಾರ ಅಲೆಕ್ ದೊರೆಯುತ್ತಾನೆ. ಕೆಲವೇ ದಿನಗಳ ಪರಿಚಯ; ಅದರ ಮೇಲೆ ಇಡೀ ಬಾಳಿನ ಭಾರ! ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇಬ್ಬರೂ ಪರಸ್ಪರ ಶಂಕಿಸುತ್ತಲೇ ಹತ್ತಿರವಾಗುವ ಸನ್ನಿವೇಶವೊಂದು ನಿಜವಾಗಿ ಜೀವಂತವಾಗಿದೆ. ಉಳಿದಂತೆ ಅಲೆಕನ ಒಳಬಾಳು ನಮಗೆ ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ಈ ಸಂಬಂಧ ಆರು ವಾರಕ್ಕಿಂತ ಹೆಚ್ಚು ಬಾಳದೆಂದು ಫಾರ್ಸ್ಟರರ ಗೆಳೆಯ ಲಿಟ್ಟನ್ ಸ್ಟ್ರೇಚಿಯವರೇ ಅವರಿಗೆ ತಿಳಿಸಿದ್ದರು.

ಕೊನೆಗೆ ಪ್ರೇಮಿಗಳು ಲೋಕವನ್ನು ಬಿಟ್ಟು ಹಸಿರು ಕಾಡಿನ ಮರೆಗೆ ಸರಿಯುತ್ತಾರೆ. ಸುಖಾಂತ ಬೇಕೇ ಬೇಕೆಂಬುದು ಲೇಖಕರ ಹಟ. ದಂಡನೆಯ ಕಾಲದಲ್ಲಿ ಅದು ಧೈರ್ಯವೇ ಸರಿ. ಆದರೆ ದೇವಾಲದ ವಾಚಕರಿಗೆ ಕಾಡೆಂದರೆ ಬರಿದಾದ ಆಶ್ರಯವಲ್ಲ. ಇಲ್ಲಿ ಪಣಿಯರೂ ಕುರುಂಬರೂ ಬಾಳಿದ್ದಾರೆ. ತೋಟದ ಕೂಲಿಯಿದೆ, ಬಿಡದ ಮಳೆಯಿದೆ. 1880ರ ಸುಮಾರಿನಲ್ಲಿ ಚಿನ್ನದಾಸೆಗೆ ಇಲ್ಲಿಗೆ ಬಂದ ಕಂಪೆನಿಗಳು ಕೆಲವೇ ವರ್ಷಗಳಲ್ಲಿ ಕುಸಿದವು. ಹೊರಗಿನವರ ಕನಸಿಗೆ ಕಾಡು ಬೆಲೆ ತೆತ್ತದ್ದುಂಟು. ಅವರಿಗೆ ಅನ್ನವಿಟ್ಟದ್ದು ಅಪರೂಪ. ಇಬ್ಬರೂ ಏನು ದುಡಿದರು, ಏನು ಉಂಡರು ಎಂದು ಕಾದಂಬರಿ ಹೇಳುವುದಿಲ್ಲ. ಅಂಥ ಕಾಡು ಇಂಗ್ಲೆಂಡಿನಲ್ಲಿ ಉಳಿದಿಲ್ಲವೆಂದು ಫಾರ್ಸ್ಟರರೇ 1960ರ ಟಿಪ್ಪಣಿಯಲ್ಲಿ ಒಪ್ಪಿಕೊಂಡರು.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ವಸುಧೇಂದ್ರರ ‘ಮೋಹನಸ್ವಾಮಿ’ (2013). ಅಲ್ಲಿ ಒಲವು ಬಿಡುವಿನ ದಿನಗಳದ್ದಲ್ಲ. ಅಡಿಗೆಮನೆ, ಬಾಡಿಗೆ ಮನೆ, ಸಂಗಾತಿಯ ಮದುವೆ ಇವುಗಳ ನಡುವೆ ಬೇಯುವಂಥದ್ದು. ನಾಯಕ ಕಿಲಿಮಂಜಾರೋ ಪರ್ವತವನ್ನು ಏರುತ್ತಾನೆ ನಿಜ. ಆದರೆ ಆ ಹೊತ್ತಿಗೆ ಅವನ ಹುಡುಗತನದ ಅವಮಾನವನ್ನೂ ಒಂಟಿತನವನ್ನೂ ನಾವು ಬಲ್ಲೆವು. ಆದ್ದರಿಂದ ಆ ಏರಿಕೆ ನಂಬುವಂತಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತ ಪ್ರೇಮ ಅಪರಾಧವಲ್ಲವೆಂದು ತೀರ್ಪಾದದ್ದು 2018ರ ಸೆಪ್ಟೆಂಬರ್ 6ರಂದು.

ಅಧ್ಯಾಪಕರಾದ ನಮಗೆ ಇದು ಬರಿಯ ಸಾಹಿತ್ಯಚರ್ಚೆಯಲ್ಲ. ನಡಿಗೆ ಬೇರೆ, ದನಿ ಬೇರೆ ಎಂದು ಗೆಳೆಯರ ನಗೆಗೆ ಗುರಿಯಾದ ಹುಡುಗ ಯಾವ ತರಗತಿಯಲ್ಲಿ ಇರುವುದಿಲ್ಲ? ಅವನಿಗೆ ಕಾಡಿನ ದಾರಿ ತೋರಿಸುವ ಕೃತಿ ಸಾಲದು. ಊರಿನಲ್ಲಿಯೇ ತಲೆಯೆತ್ತಿ ಬಾಳಬಹುದೆಂಬ ನಂಬಿಕೆ ಕೊಡುವ ಕೃತಿ ಬೇಕು. ‘ಮಾರಿಸ್’ ಬಾಗಿಲು ತೆರೆದದ್ದಕ್ಕಾಗಿ ಗೌರವಾರ್ಹ. ಒಳಗೆ ಮನೆಯೊಂದನ್ನು ಕಟ್ಟದೆ ಬಿಟ್ಟದ್ದು ಅದರ ಕೊರತೆ.