ಪಟ್ಟಿ ಉದ್ದವಾದರೆ ಪುರಾವೆಯಾಗದು

ಔಷಧೀಯ ಬೀಜವೊಂದನ್ನು ಪುಡಿ ಮಾಡಿ, ಹೆಕ್ಸೇನಿನಲ್ಲೋ ಮೆಥನಾಲಿನಲ್ಲೋ ಸಾರ ತೆಗೆದು ಜಿಸಿ-ಎಂಎಸ್ ಯಂತ್ರಕ್ಕೆ ಕೊಟ್ಟರೆ ಹತ್ತಾರು ರಾಸಾಯನಿಕಗಳ ಹೆಸರು ಹೊರಬೀಳುತ್ತವೆ. ಒಂದೊಂದರ ಮುಂದೆಯೂ 'ಉರಿಯೂತ ನಿರೋಧಕ', 'ಕ್ಯಾನ್ಸರ್ ನಿರೋಧಕ' ಎಂದು ಬರೆದು, ನಾಟಿ ವೈದ್ಯಕ್ಕೆ ವೈಜ್ಞಾನಿಕ ಆಧಾರ ಸಿಕ್ಕಿತೆಂದು ಪ್ರಬಂಧ ಮುಗಿಸುವುದು ರೂಢಿಯಾಗಿಬಿಟ್ಟಿದೆ. ಪಟ್ಟಿ ಉದ್ದವಾದಷ್ಟೂ ಗಿಡ ದೊಡ್ಡದು ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯೇ ನಮ್ಮ ಗಿಡಗಳಿಗೆ ಅನ್ಯಾಯ ಮಾಡುತ್ತಿದೆ.

ನಸುಗುನ್ನಿಯನ್ನೇ ನೋಡಿ. ಕಾಯಿಯ ರೋಮ ಮೈಗೆ ತಾಗಿದರೆ ತುರಿಕೆ ತಡೆಯಲಾಗದು. ಒಳಗಿನ ಬೀಜದಲ್ಲಿರುವುದು ಎಲ್-ಡೋಪಾ, ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಮುಖ್ಯ ಮದ್ದು. ಅದೇ ಬೀಜದ ಹೆಕ್ಸೇನ್ ಸಾರವನ್ನು ಯಂತ್ರಕ್ಕೆ ಹಾಕಿದರೆ ಪಾಮಿಟಿಕ್ ಆಮ್ಲ, ಲಿನೋಲಿಕ್ ಆಮ್ಲ ಕಾಣುತ್ತವೆ, ಎಲ್-ಡೋಪಾ ಕಾಣುವುದಿಲ್ಲ. ಅದು ಹೆಕ್ಸೇನಿನಲ್ಲಿ ಕರಗದು. ಬೇರೆ ದ್ರಾವಕದಲ್ಲಿ ಅಷ್ಟಿಷ್ಟು ಕರಗಿ ಬಂದರೂ, ಮೊದಲೇ ರಾಸಾಯನಿಕವಾಗಿ ಮಾರ್ಪಡಿಸಿಕೊಳ್ಳದಿದ್ದರೆ, ಯಂತ್ರದ ಬಿಸಿಗೆ ಆವಿಯಾಗುವ ಬದಲು ಒಡೆದುಹೋಗುತ್ತದೆ. ಬೀಜದ ಜೀವಾಳವೇ ಬಿಟ್ಟುಹೋದ ಪಟ್ಟಿಯಿಂದ ಅದರ ಗುಣ ಸಾಬೀತಾಗುವುದು ಹೇಗೆ? ಪಾಮಿಟಿಕ್ ಆಮ್ಲವಂತೂ ಕಡಲೆಕಾಯಿ ಎಣ್ಣೆಯಲ್ಲೂ ಇದೆ, ತುಪ್ಪದಲ್ಲೂ ಇದೆ. ಪಟ್ಟಿಗಳಲ್ಲಿ ಮತ್ತೆ ಮತ್ತೆ ಇಣುಕುವ ಥ್ಯಾಲೇಟುಗಳು ಬಹಳ ಸಲ ಗಿಡದವೇ ಅಲ್ಲ, ಪ್ಲಾಸ್ಟಿಕ್ ಕೊಳವೆಯಿಂದಲೋ ದ್ರಾವಕದಿಂದಲೋ ಸೇರಿಕೊಂಡವು. ಅವಕ್ಕೂ ಔಷಧಿ ಗುಣ ಹಚ್ಚಿದ್ದನ್ನು ಓದುವಾಗ ಸಂಕಟವಾಗುತ್ತದೆ.

ಯಂತ್ರ ಹೇಳುವುದು ಇಷ್ಟೇ: ತನ್ನ ಗ್ರಂಥಾಲಯದಲ್ಲಿರುವ ದ್ರವ್ಯರಾಶಿ ರೋಹಿತಗಳ ಪೈಕಿ ಸಾರದಲ್ಲಿ ಸಿಕ್ಕ ಈ ರೋಹಿತಕ್ಕೆ ಹತ್ತಿರವಾದದ್ದು ಇದು. ನಿಜವಾದ ವಸ್ತು ಆ ಗ್ರಂಥಾಲಯದಲ್ಲಿ ಇಲ್ಲದಿದ್ದರೂ ಯಾವುದೋ ಒಂದು ಹೆಸರು ಬಂದೇ ಬರುತ್ತದೆ. ಅದು ಊಹೆ. ಶುದ್ಧ ಮಾದರಿಯ ಜತೆ ಹೋಲಿಸಿ ನೋಡುವವರೆಗೆ ಅದನ್ನು ಗುರುತಿಸುವಿಕೆ ಎನ್ನಲಾಗದು.

1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿ ಬೀಜದಿಂದ ಎಲ್-ಡೋಪಾ ಬೇರ್ಪಡಿಸಿದ್ದನ್ನು 'ಬಯೋಕೆಮಿಕಲ್ ಜರ್ನಲ್' ಪ್ರಕಟಿಸಿತು. ಜಿಸಿ-ಎಂಎಸ್ ಇನ್ನೂ ಹುಟ್ಟಿರಲಿಲ್ಲ. ಈ ವಸ್ತುವನ್ನು ಹಿಡಿಯುವುದು ಸುಲಭವೂ ಅಲ್ಲ: ಕ್ಷಾರ ದ್ರಾವಣದಲ್ಲಿ ಗಾಳಿ ತಾಗಿದರೆ ಕಪ್ಪಾಗಿ ಕೆಟ್ಟುಹೋಗುತ್ತದೆ, ಆಮ್ಲದಲ್ಲಿ ತಕ್ಕಮಟ್ಟಿಗೆ ಉಳಿಯುತ್ತದೆ. ಡೋಪಾ ಎಂದಷ್ಟೇ ಹೇಳಿದರೂ ಸಾಲದು. ಎಡ-ಬಲ ಎಂಬ ಎರಡು ರೂಪಗಳಲ್ಲಿ ಮದ್ದಾಗುವುದು ಒಂದೇ. ಸಾಮಾನ್ಯ ದ್ರವ್ಯರಾಶಿ ರೋಹಿತಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಅವರು ಬೇರ್ಪಡಿಸಿದ್ದು ಒಂದೇ ಒಂದು ವಸ್ತು, ಆದರೆ ಅದು ಕೈಗೆ ಸಿಕ್ಕ ವಸ್ತು.

ಸಣ್ಣ ಕಾಲೇಜಿನ ವಿದ್ಯಾರ್ಥಿಗೆ ಎನ್‌ಎಂಆರ್ ಎಂಬ ದುಬಾರಿ ಯಂತ್ರ ಎಲ್ಲಿಂದ ಬರಬೇಕು, ಪಟ್ಟಿಯಾದರೂ ದಾರಿ ತೋರಿಸೀತಲ್ಲ ಎಂಬ ಮಾತಿದೆ. ಕಷ್ಟ ನಿಜ. ಆದರೆ ತೆಳುಪದರ ಕ್ರೊಮಟೋಗ್ರಫಿಯ ತಟ್ಟೆ ದುಬಾರಿಯಲ್ಲ. ಬೀಜದ ಸಾರವನ್ನೂ ಶುದ್ಧ ಎಲ್-ಡೋಪಾವನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓಡಿಸಿ ನಿನ್‌ಹೈಡ್ರಿನ್ ಸಿಂಪಡಿಸಿದರೆ ಎರಡು ಕಲೆಗಳು ಒಂದೇ ಎತ್ತರದಲ್ಲಿ ಮೂಡುತ್ತವೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಇದು ಕೊನೆಯ ಪುರಾವೆಯಲ್ಲ, ಆದರೂ ಮೂವತ್ತು ಊಹೆಗಳಿಗಿಂತ ಮೇಲು. ಇದಾದ ಮೇಲೆ ಕೇಳಬೇಕಾದದ್ದು ಎಷ್ಟಿದೆ ಎಂಬುದು. 2017ರಲ್ಲಿ ಪ್ರಕಟವಾದ ಬೊಲಿವಿಯದ ಪ್ರಯೋಗದಲ್ಲಿ 18 ಪಾರ್ಕಿನ್ಸನ್ ರೋಗಿಗಳಿಗೆ ಹುರಿದ ನಸುಗುನ್ನಿ ಬೀಜದ ಪುಡಿಯನ್ನೇ ಕೊಟ್ಟು, ಎಲ್-ಡೋಪಾ ಮಾತ್ರೆಯ ಜತೆ ಹೋಲಿಸಿ ನೋಡಿದರು. ಪುಡಿಯಲ್ಲಿ ಎಲ್-ಡೋಪಾ ಎಷ್ಟಿದೆಯೆಂದು ಗೊತ್ತಿದ್ದರಿಂದಲೇ ಪ್ರತಿ ರೋಗಿಯ ತೂಕಕ್ಕೆ ತಕ್ಕ ಪ್ರಮಾಣ ಅಳೆದುಕೊಡಲು ಸಾಧ್ಯವಾಯಿತು.